ಕಾಕಾನ ಕಾಲು ಮತ್ತು ಕರೆಂಟಿನ ಕಂಪನಿ

ನಮ್ಮ ಕಡೆ ಕಂಪನಿ ಎಂದರೆ ನಾಟಕದ ಕಂಪನಿ. ರಾಜ್ಯ ಒಂದಾದ ಮರುವರ್ಷ ಗೋಕಾಕದ ಪೇಟೆಯಲ್ಲಿ ಕೈಕಾಲು ಸರಿಮಾಡುವ ಕಂಪನಿಯೊಂದು ಬಾಗಿಲು ತೆರೆದಾಗ ಜನ ಅದೂ ಅಂಥದ್ದೇ ಇರಬೇಕೆಂದುಕೊಂಡರು. ಅವರ ಅಂದಾಜು ಪೂರ್ತಿ ತಪ್ಪಾಗಿರಲಿಲ್ಲ. ಇಲ್ಲಿ ರೋಗಿ ಮಲಗಿ ಉಳಿಯಬೇಕಿಲ್ಲ, ಬೆಳಿಗ್ಗೆ ಬಂದು ಚಿಕಿತ್ಸೆ ಮಾಡಿಸಿಕೊಂಡು ಮಧ್ಯಾಹ್ನದ ರೊಟ್ಟಿಗೆ ಮನೆಗೆ ಹೋಗಬಹುದು ಎಂದು ಹೊರಗೆ ಬೋರ್ಡು ಬರೆಸಿದ್ದರು. ಒಳಗೆ, ಮುಚ್ಚಿಹೋದ ಯಾವುದೋ ನಾಟಕ ಕಂಪನಿಯಿಂದ ಅಗ್ಗಕ್ಕೆ ಕೊಂಡ ಪರದೆ ಇತ್ತು. ಅದರ ಮೇಲೆ ಅರಮನೆಯ ತೋಟ, ಕಾರಂಜಿ, ಎರಡು ನವಿಲು. ಪರದೆಯ ಆಚೆ ಮಂಚ, ಬೋಗುಣಿಯಂಥ ತಗಡಿನೊಳಗೆ ಕೂತ ದೊಡ್ಡ ದೀಪ, ಮತ್ತು ಸ್ನಾಯುಗಳನ್ನು ಕುಣಿಸುವ ಒಂದು ಪೆಟ್ಟಿಗೆ.

ಮಾಲೀಕನು ಮುಂಬಯಿಯಲ್ಲಿ ಕೆಲವು ತಿಂಗಳು ಈ ವಿದ್ಯೆ ಕಲಿತವನು. ಎಷ್ಟು ಕಲಿತಿದ್ದನೋ ಗೊತ್ತಿಲ್ಲ, ಬಿಳಿ ಕೋಟು ತೊಡುವುದನ್ನಂತೂ ಚೆನ್ನಾಗಿ ಕಲಿತಿದ್ದ. ಮೂಡಲಗಿಯಲ್ಲಿ ಸಂತೆಯ ದಿನ ಒಂದು ಅಂಗಡಿ ಹಿಡಿಯುತ್ತಿದ್ದ. ಹುಕ್ಕೇರಿಯಲ್ಲಿ ಅವನು ಹಿಡಿದ ಮನೆಗೆ ಕರೆಂಟು ಇರಲಿಲ್ಲ, ಹಾಗಾಗಿ ಅಲ್ಲಿಯ ಎಲ್ಲ ಬೇನೆಗಳಿಗೂ ಸ್ಟೋವಿನ ಮೇಲೆ ಕರಗಿಸಿದ ಮೇಣವೇ ಮದ್ದು. ರೋಗಕ್ಕೆ ತಕ್ಕ ಚಿಕಿತ್ಸೆ ಎನ್ನುವುದಕ್ಕಿಂತ ಊರಿಗೆ ತಕ್ಕ ಚಿಕಿತ್ಸೆ. ಬೆಲ್ಲದ ಬಾಗೇವಾಡಿಯ ಗೌಡರೊಬ್ಬರು ದೀಪದ ಕೆಳಗಿಂದ ಎದ್ದು ಕೋಲು ಬಿಟ್ಟು ತಮ್ಮ ಜೀಪಿನವರೆಗೆ ನಡೆದಿದ್ದರಂತೆ. ಆ ಒಂದು ಮೊಣಕಾಲಿನ ಮೇಲೆ ಕಂಪನಿ ವರ್ಷವಿಡೀ ಬದುಕಿತು.

ಕಾಕಾ ನನ್ನ ಅಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳಗಾವಿಯ ಕಾಲೇಜಿಗೆ ಕಳಿಸಿದವನು ಅವನೇ. ಮಮದಾಪುರದಲ್ಲಿ ನಮಗಿದ್ದದ್ದು ಕುರಿ ಹಿಂಡು. ಮಳೆಗಾಲ ಮುಗಿದ ಮೇಲೆ ಕಾಕಾ ಹಿಂಡು ಹೊಡೆದುಕೊಂಡು ಘಟಪ್ರಭೆಯ ದಂಡೆ ಹಿಡಿದು ದಡ್ಡಿ ಎಂಬ ಊರಿನ ಕಡೆಗೆ ಹೋದರೆ ಬೇಸಿಗೆಗೇ ತಿರುಗಿ ಬರುವುದು. ಆ ವರ್ಷ ಚಕ್ಕಡಿ ಮಗುಚಿ ಅವನ ತೊಡೆಯ ಎಲುಬು ಮುರಿಯಿತು. ಸರಕಾರಿ ದವಾಖಾನೆಯಲ್ಲಿ ಕಟ್ಟಿದ ಪ್ಲಾಸ್ಟರು ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಮೊಣಕಾಲಿನಿಂದ ಕೆಳಗೆ ಕಾಲು ಜೋಲುಬಿದ್ದಿತ್ತು, ಚಿವುಟಿದರೂ ತಿಳಿಯುತ್ತಿರಲಿಲ್ಲ. ನರ ಜಜ್ಜಿದೆ, ತಿರುಗಿ ಬಂದರೆ ಬಂದೀತು, ದಿನಾ ಮೊಣಕಾಲು ಆಡಿಸುತ್ತಿರಿ ಎಂದು ಡಾಕ್ಟರು ಹೇಳಿದರು. ಬಂದೀತು ಎಂಬ ಮಾತು ಕಾಕಾನಿಗೆ ಸಾಕಾಗಲಿಲ್ಲ. ಅವನು ನಡೆಯದಿದ್ದರೆ ಹಿಂಡನ್ನು ಮಾರಬೇಕು, ಮಾರಿದರೆ ಅವನು ಕಟ್ಟೆಯ ಮೇಲೆ ಕೂರುವ ಮನುಷ್ಯನಾಗಬೇಕು. ಆ ಭಯಕ್ಕೆ ಅವನು ಗೌಡರ ಮೊಣಕಾಲನ್ನು ನಂಬಿದ. ನಾನು ಗೋಕಾಕದ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಅವನು ನನ್ನ ಖೋಲಿಯಲ್ಲಿ ಉಳಿದು ದಿನಾ ಕಂಪನಿಗೆ ಹೋಗತೊಡಗಿದ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಕುರಿಯ ಕಾಲು ಕುಂಟಾದರೆ, ಮನುಷ್ಯನ ಕೀಲು ಹಿಡಿದರೆ, ಕುಡುಗೋಲನ್ನು ಕುಳ್ಳಿನ ಕೆಂಡದಲ್ಲಿ ಕಾಯಿಸಿ ಬರೆ ಹಾಕುತ್ತಿದ್ದರು. ಹಾಕಿಸಿಕೊಳ್ಳುವವನು ತುಟಿ ಬಿಚ್ಚಕೂಡದು. ಕೂಗಿದರೆ ಬರೆ ಹತ್ತುವುದಿಲ್ಲ, ಹತ್ತದ ಬರೆಯಿಂದ ಗುಣವಿಲ್ಲ. ಕಾಕಾನ ಬೆನ್ನ ಮೇಲೆ, ಹೆಗಲ ಮೇಲೆ ಅಂಥ ಗುರುತುಗಳಿದ್ದವು, ಒಂದೊಂದನ್ನೂ ಅವನು ಹೆಮ್ಮೆಯಿಂದ ತೋರಿಸುತ್ತಿದ್ದ. ಅಂಥವನ ಕಾಲಿಗೆ ದೀಪ ಹಚ್ಚಿ ಕಂಪನಿಯ ಕೆಲಸದವನು ಹೇಳುತ್ತಿದ್ದದ್ದು ಒಂದೇ ಮಾತು: "ಸುಟ್ಟರ ಹೇಳ್ರಿ." ಹೇಳಿ ಬೀಡಿ ಸೇದಲು ಹೊರಗೆ ಹೋಗುತ್ತಿದ್ದ. ಸುಟ್ಟದ್ದು ತಿಳಿಯದ ಕಾಲು, ತಿಳಿದರೂ ಹೇಳದ ಮನುಷ್ಯ. ಇಬ್ಬರ ನಡುವೆ ಕಂಪನಿಯ ಸುರಕ್ಷತೆಯ ವ್ಯವಸ್ಥೆಯೆಲ್ಲ ಆ ಒಂದು ವಾಕ್ಯದಲ್ಲಿ ಮುಗಿದಿತ್ತು.

ಮೊದಲ ವಾರ ಕಾಕಾ ಬೇಸರದಿಂದ ಬಂದ. "ಬೆಚ್ಚಗ ಮಾಡಿ ಕಳಸ್ತಾರ. ಹಸುಗೂಸಿಗೆ ಕಾಸಿದಂಗ. ಇದೇನ್ ಔಷಧನ?" ಎಂದ. ಇನ್ನು ಹೋಗಬೇಡ ಎಂದೆ. ಅವನು ಕೇಳಲಿಲ್ಲ.

ಕಂಪನಿಗೆ ವರ್ಷ ತುಂಬಿದ ದಿನ ಸಮಾರಂಭ ಇಟ್ಟರು. ಊರಿನ ಗಣ್ಯರಿಗೆ ಕುರ್ಚಿ, ಓದಿದವನೆಂದು ನನಗೂ ಒಂದು. ಅತಿಥಿಗಳಿಗೆ ಕೊಡಲು ಊರಿನ ಗೊಂಬೆಗಾರರು ಮಾಡಿದ ಬಣ್ಣದ ಕಟ್ಟಿಗೆಯ ಹಣ್ಣುಗಳ ತಟ್ಟೆಗಳು ಸಾಲಾಗಿದ್ದವು. ಭಾಷಣ ಮುಗಿದ ಮೇಲೆ ಪರದೆ ಸರಿಸಿ ಚಿಕಿತ್ಸೆ ನಡೆಯುತ್ತಿರುವುದನ್ನು ತೋರಿಸುವುದೆಂದು ಗೊತ್ತುಮಾಡಿದ್ದರು. ಆ ತೋರಿಕೆಗೆಂದು ಕಾಕಾನನ್ನು ನವಿಲುಗಳ ಹಿಂದೆ ಮಲಗಿಸಿ, ಕಾಲಿಗೆ ದೀಪ ಹಚ್ಚಿ ಬಿಟ್ಟಿದ್ದರು. ಕೆಲಸದವನನ್ನು ಹಾರ ತರಲು ಕಳಿಸಿದ್ದರು.

ಮಾಲೀಕ ಮಾತಿಗೆ ನಿಂತ. ಈ ಕಸುಬಿನ ಚರಿತ್ರೆಯನ್ನು ಋಷಿಗಳ ಅಭ್ಯಂಗದಿಂದ ಎತ್ತಿಕೊಂಡ. ಅಲ್ಲಿಂದ ಸ್ವೀಡನ್ನಿನ ಗರಡಿಮನೆಗಳಿಗೆ ಹೋದ. ಇಂಗ್ಲೆಂಡಿನಲ್ಲಿ ಮಾಲೀಸಿನ ಹೆಸರು ಕೆಟ್ಟಾಗ ಅದನ್ನು ಮರ್ಯಾದೆಯ ಕಸುಬಾಗಿಸಿದ ದಾದಿಯರನ್ನು ಹೊಗಳಿದ. ಎರಡು ಮಹಾಯುದ್ಧಗಳ ಕುಂಟ ಸೈನಿಕರನ್ನು ಅವನೇ ಎಬ್ಬಿಸಿ ನಡೆಸಿದಂತೆ ಕೈಯಾಡಿಸಿದ. ಮುಂಬಯಿಯಲ್ಲಿ ಪೋಲಿಯೊ ಬಂದು ಮಕ್ಕಳ ಕಾಲು ಹೋದಾಗ ಈ ವಿದ್ಯೆಗೊಂದು ಶಾಲೆ ತೆರೆದ ಸಂಗತಿಗೆ ಬರುವ ಹೊತ್ತಿಗೆ ಗಣ್ಯರಲ್ಲಿ ಕೆಲವರು ತೂಕಡಿಸುತ್ತಿದ್ದರು.

ಆಗ ನನಗೆ ವಾಸನೆ ಬಂತು. ಉಣ್ಣೆ ಸುಟ್ಟ ವಾಸನೆ ಕುರುಬರ ಮನೆಯಲ್ಲಿ ಹುಟ್ಟಿದವನಿಗೆ ಗುರುತು ಹತ್ತಲು ಹೊತ್ತು ಬೇಡ. ಅದರ ಹಿಂದೆಯೇ ಇನ್ನೊಂದು ವಾಸನೆ ಇತ್ತು. ಅದನ್ನೂ ನಾನು ಬಲ್ಲೆ. ಕುರ್ಚಿ ಉರುಳಿಸಿ ಎದ್ದು ಪರದೆ ಎತ್ತಿ ಒಳಗೆ ಹೋದೆ.

ದೀಪದ ಕತ್ತು ಬಗ್ಗಿತ್ತು. ಕಾಕಾ ಅದನ್ನು ತಾನೇ ಕೆಳಗೆ ಎಳೆದುಕೊಂಡಿದ್ದ. ತಗಡಿನ ಅಂಚು ಮೊಣಕಾಲ ಮೇಲೆ ಹೊದಿಸಿದ್ದ ಕಂಬಳಿಗೆ ತಾಗಿ ಹೊಗೆ ಏಳುತ್ತಿತ್ತು. ಕೆಳಗೆ ಕಣಕಾಲಿನ ಚರ್ಮ ಬಿಳಿಯಾಗಿ ಉಬ್ಬಿ ಒಡೆದಿತ್ತು. ಅವನು ಸೂರು ನೋಡುತ್ತ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಮಲಗಿದ್ದ. ನನ್ನನ್ನು ಕಂಡು ತಗ್ಗಿದ ದನಿಯಲ್ಲಿ ಹೇಳಿದ: "ಗದ್ದಲ ಮಾಡಬ್ಯಾಡ. ಈಗ ಹತ್ತಾಕತ್ತೈತಿ."

ನಾನು ದೀಪದ ಕಂಬವನ್ನು ಒದ್ದೆ. ಅದು ಗೋಡೆಗೆ ಬಡಿದು ಒಡೆಯಿತು. ಕಂಬಳಿಯನ್ನು ನೆಲಕ್ಕೆ ಹಾಕಿ ತುಳಿದೆ. ಮಾಲೀಕ ಓಡಿ ಬಂದವನು ಮೊದಲು ಪರದೆಯ ಅಂಚನ್ನು ಹಿಡಿದು ನೋಡಿದ. ಅದಕ್ಕೇನೂ ಆಗಿರಲಿಲ್ಲ. ಆಮೇಲೆ ಕಾಲು ನೋಡಿದ.

"ಸುಟ್ಟರ ಹೇಳ್ರಿ ಅಂತ ಹೇಳೀವ್ರಿ," ಎಂದ. "ಇವರ ಹೇಳಲಿಲ್ಲ."

ನಾವು ಚಕ್ಕಡಿ ಹಿಡಿದು ದವಾಖಾನೆಗೆ ಹೊರಟಾಗ ಒಳಗೆ ಚಪ್ಪಾಳೆ ಕೇಳಿಸಿತು. ಭಾಷಣವನ್ನು ಅವನು ಪೂರ್ತಿ ಮಾಡಿದ್ದ.

ಇಷ್ಟು ವರ್ಷಗಳಾದರೂ ಆ ಗಳಿಗೆ ನನ್ನನ್ನು ಬಿಟ್ಟಿಲ್ಲ. ಇಸ್ತ್ರಿಯವನ ಅಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಕಿಟಕಿಯ ಗಾಳಿ ಅತ್ತಲಿಂದ ಬೀಸದೆ ಇತ್ತಲಿಂದ ಬೀಸಿದ್ದರೆ? ಅಂದು ನನಗೆ ನೆಗಡಿಯಾಗಿದ್ದರೆ? ಕಂಬಳಿ ಹೊದಿಸದೆ ಬರಿಗಾಲಿನಲ್ಲೇ ಮಲಗಿಸಿದ್ದರೆ ಆ ಮೊದಲ ವಾಸನೆ ಬರುತ್ತಲೇ ಇರಲಿಲ್ಲ. ಕಾಲು ಸದ್ದಿಲ್ಲದೆ ಸುಡುತ್ತ ಇರುತ್ತಿತ್ತು, ನಾವು ಮುಂಬಯಿಯ ಶಾಲೆಯ ವಿಷಯ ಕೇಳುತ್ತ ಇರುತ್ತಿದ್ದೆವು.

ಡಾಕ್ಟರು ಗಾಯ ತೊಳೆದು, ಜೀವವಿಲ್ಲದ ಕಾಲಿನ ಗಾಯ ಬೇಗ ಮಾಯುವುದಿಲ್ಲ, ಕಪ್ಪು ಮೇಲೇರಿದರೆ ಬೆಳಗಾವಿಗೆ ಒಯ್ದು ಕಾಲು ಕೊಯ್ಯಬೇಕಾದೀತು ಎಂದರು. ನಾನು ದಿನಾ ಪಟ್ಟಿ ಬಿಚ್ಚುವಾಗ ಕಪ್ಪು ಎಲ್ಲಿಯವರೆಗೆ ಬಂದಿದೆಯೆಂದು ಬಗ್ಗಿ ನೋಡುತ್ತಿದ್ದೆ. ಕಾಕಾ ಮಾತ್ರ ಖುಷಿಯಲ್ಲಿದ್ದ. ಮಾತಾಡಿಸಲು ಬಂದವರಿಗೆಲ್ಲ ಕಂಪನಿಯ ಬರೆ ಚಲೋ ಹತ್ತಿದೆ, ಕುಡುಗೋಲು ಇದರ ಮುಂದೆ ಏನೂ ಅಲ್ಲ ಎನ್ನುತ್ತಿದ್ದ. ಸುದ್ದಿ ಮೂಡಲಗಿಯ ಸಂತೆಗೆ ಹೋಯಿತು. ಮರುವಾರ ಅಲ್ಲಿಯ ಅಂಗಡಿಯ ಮುಂದೆ ಜನ ಕಂಬಳಿ ಹೊದ್ದು ಕಾಯುತ್ತಿದ್ದರು. ಬೆಚ್ಚಗೆ ಮಾಡುವ ದೀಪ ಬೇಡ, ಹತ್ತುವ ದೀಪ ಹಾಕಿರಿ ಎಂದು ಕೇಳುತ್ತಿದ್ದರು.

ನಾನು ಆ ಸಂತೆಗೇ ಹೋಗಿ ಮಾಲೀಕನನ್ನು ಹಿಡಿದೆ. ಇದು ಬರೆಯಲ್ಲ, ನಿಮ್ಮ ತಪ್ಪಿನಿಂದ ಆದ ಸುಟ್ಟಗಾಯ ಎಂದು ಈ ಜನಕ್ಕೆ ಹೇಳಿರಿ ಎಂದೆ. ಅವನು ಹೊಸ ದೀಪವನ್ನು ಒರೆಸುತ್ತಿದ್ದ.

"ಬಿ.ಎ. ಮಾಡಿದವ್ರು ನೀವು, ತಿಳ್ಕೊಳ್ರಿ ಮಾಸ್ತರ. ನಿಮ್ಮ ಕಾಕಾರಿಗೇ ತಕರಾರಿಲ್ಲ. ನಂಬಿಕಿ ಇದ್ದರ ಅರ್ಧ ಗುಣ ಆದಂಗ."

"ಉಳಿದರ್ಧ?"

"ಅದು ದೇವರ ಕೈಯಾಗ," ಎಂದು ಮುಂದಿನವನನ್ನು ಕರೆದ. ಜನ ನನ್ನನ್ನೇ ಸಾಲಿನಿಂದ ಆಚೆ ತಳ್ಳಿದರು. ಸರದಿ ಬಿಟ್ಟು ನುಗ್ಗಲು ಬಂದವನೆಂದು ಅವರು ತಿಳಿದಿದ್ದರು.

ಆಮೇಲೆ ಬೆಳಗಾವಿಯ ಲೈಬ್ರರಿಯಲ್ಲಿ ಈ ಕಸುಬಿನ ದಪ್ಪ ಪುಸ್ತಕವೊಂದನ್ನು ಓದಿದೆ. ಮಾಲೀಕ ಹೇಳಿದ ಚರಿತ್ರೆ ಬಹುಪಾಲು ಖರೆಯೇ ಇತ್ತು. ಆ ದಾದಿಯರು ಇದ್ದರು, ಆ ಸೈನಿಕರೂ ಇದ್ದರು. ಅವನು ಬಿಟ್ಟದ್ದು ಒಂದು ಸಣ್ಣ ಕೆಲಸ. ಶಾಖ ಕೊಡುವ ಮೊದಲು ಒಂದು ಗಾಜಿನ ನಳಿಗೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿ, ರೋಗಿಯ ಕಣ್ಣು ಮುಚ್ಚಿಸಿ, ಚರ್ಮಕ್ಕೆ ತಾಗಿಸಿ ಯಾವುದು ಬಿಸಿ ಎಂದು ಕೇಳಬೇಕು. ಹೇಳಲಾಗದ ಕಾಲಿಗೆ ದೀಪ ಹಚ್ಚಕೂಡದು. ಇಷ್ಟೇ. ಋಷಿಗಳಿಗೆ ಸಮಯವಿದ್ದ ಕಂಪನಿಗೆ ಎರಡು ನಳಿಗೆ ನೀರಿಗೆ ಸಮಯವಿರಲಿಲ್ಲ.

ಕಾಲು ಉಳಿಯಿತು. ಕಪ್ಪು ಮೇಲೇರಲಿಲ್ಲ, ಗಾಯ ನಿಧಾನವಾಗಿ ಒಣಗಿತು. ಪಟ್ಟಿ ಕಟ್ಟುವುದು ನಿಂತ ದಿನ ಕಾಕಾ ಡಾಕ್ಟರಿಗೆ ಕೈಮುಗಿದು, ಗುಣವಾದದ್ದು ಕಂಪನಿಯಿಂದ ಎಂದು ತಿಳಿಸಿ ಬಂದ. ಡಾಕ್ಟರು ನನ್ನ ಮುಖ ನೋಡಿ ಕೈ ತೊಳೆಯಲು ಹೋದರು. ಪಾದ ಜೋಲುತ್ತಲೇ ಇತ್ತು, ಸ್ಪರ್ಶ ತಿರುಗಿ ಬರಲಿಲ್ಲ. ಬೆರಳುಗಳನ್ನು ಚರ್ಮದ ಪಟ್ಟಿಯಿಂದ ಮೇಲಕ್ಕೆ ಎಳೆದು ಕಟ್ಟಿಕೊಂಡು, ಮಳೆ ಮುಗಿದ ಮೇಲೆ ಅವನು ಹಿಂಡಿನ ಹಿಂದೆ ದಡ್ಡಿಯ ಕಡೆಗೆ ಹೊರಟೇಬಿಟ್ಟ. ತಡೆಯಲು ಯಾರಿಂದಲೂ ಆಗಲಿಲ್ಲ.

ಬೇಸಿಗೆಯಲ್ಲಿ ಅವನು ಬಂದಾಗ ನಾನು ಆರಾಮ ಕೇಳುವ ಮೊದಲು ಅವನನ್ನು ಕಟ್ಟೆಯ ಮೇಲೆ ಕೂರಿಸಿ ಪಾದ ತಿರುವಿ ನೋಡಿದೆ. ಹಿಮ್ಮಡಿಯಲ್ಲಿ ಜಾಲಿ ಮುಳ್ಳೊಂದು ಬುಡದವರೆಗೆ ಇಳಿದು, ಸುತ್ತ ಕೀವು ಕಟ್ಟಿತ್ತು. ಅದನ್ನು ಹೊತ್ತುಕೊಂಡೇ ಅವನು ಎಷ್ಟು ದೂರ ನಡೆದಿದ್ದನೋ. ನಾನು ಚಿಮಟದಿಂದ ಕೀಳುವಾಗ ಕಾಕಾ ಬೇರೆ ಯಾರದೋ ಕಾಲನ್ನು ನೋಡುವವನಂತೆ ಬಗ್ಗಿ ನೋಡಿದ.

"ಪಾಪ," ಎಂದ. "ಭಾಳ ನೋಯಾಕತ್ತಿರಬೇಕು ಅದಕ್ಕ."