ನೀರೆರೆಯುವ ಅಜ್ಜಿಯ ಮೇಲಿನ ಹೊಟ್ಟೆಕಿಚ್ಚು

ಕೂಸುಗಳಿಗೆ ನೀರೆರೆದೂ ಎರೆದೂ ಆ ಅಜ್ಜಿಯ ಮೊಣಕಾಲಿನ ಕೆಳಗೆ ಒಂದು ಕೂದಲೂ ಉಳಿದಿರಲಿಲ್ಲ. ಕಾಲು ಚಾಚಿ ಕೂತರೆ ಎಣ್ಣೆ ಹಚ್ಚಿದ ಮಣೆಯಂತೆ ಮಿನುಗುತ್ತಿದ್ದವು. ಹರಿಹರದಿಂದ ಬೆಳಗಿನ ಬಸ್ಸು ಹಿಡಿದು ಶಾಮನೂರಿನ ನಮ್ಮ ಮನೆಗೆ ಬರುತ್ತಿದ್ದರು. ನೀರೆರೆಯಲು ಮೊದಲು ಕರೆಸಿದ್ದ ಹತ್ತಿರದ ಆವರಗೆರೆಯಾಕೆ ನನ್ನ ಮಗನ ಗಂಟಲಿನ ನಳಿಕೆ ನೋಡಿದವಳೇ ಸೆರಗು ಕೊಡವಿಕೊಂಡು ಎದ್ದು ಹೋಗಿದ್ದಳು.

ಮಗ ದಿನ ತುಂಬುವ ಮೊದಲೇ ಹುಟ್ಟಿದವನು. ಉಸಿರು ಸಾಲದೆ ಡಾಕ್ಟರು ಗಂಟಲಲ್ಲಿ ತೂತು ಮಾಡಿ ನಳಿಕೆ ಇಟ್ಟಿದ್ದರು. ಮಲಗಿದಾಗ ಅದಕ್ಕೆ ಉಸಿರಾಟದ ಮಷೀನು. ಅತ್ತರೆ ಸದ್ದಿಲ್ಲ, ನಕ್ಕರೂ ಸದ್ದಿಲ್ಲ. ಇನ್ನೊಂದು ಸಣ್ಣ ಮಷೀನು ಹಚ್ಚಿ ನಳಿಕೆಯಿಂದ ಕಫ ಎಳೆಯುವುದನ್ನು ನನಗೆ ಆಸ್ಪತ್ರೆಯಲ್ಲೇ ಕಲಿಸಿದ್ದರು. ಅದರೊಳಗೆ ನೀರು ಹೋದರೆ ಜೀವಕ್ಕೇ ಕುತ್ತು ಎಂದಿದ್ದರಿಂದ ಒದ್ದೆ ಬಟ್ಟೆಯಲ್ಲೇ ಒರೆಸುತ್ತಿದ್ದೆ. ಅತ್ತೆಗೆ ಅದು ಸಮಾಧಾನವಿರಲಿಲ್ಲ. ಕುತ್ತಿಗೆಯ ಕೆಳಗಷ್ಟೇ ಎರೆಯಬಹುದೆಂದು ಡಾಕ್ಟರನ್ನು ಒಪ್ಪಿಸಿ ಈ ಅಜ್ಜಿಯನ್ನು ಕರೆಸಿದರು.

ಮೊದಲ ದಿನವೇ ಅಜ್ಜಿ ಲೋಬಾನಕ್ಕೆ ಕೆಂಡ ಕೇಳಿದರು. ಹೊಗೆ ಕೂಡದೆಂದು ನಾನು ಕಿರುಚಿಯೇ ಬಿಟ್ಟೆ. ಅತ್ತೆಯ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಬ್ಯಾಡ ಅಂದ್ರೆ ಬ್ಯಾಡ ಬಿಡವ್ವ. ಕೂಸು ದೊಡ್ದಾ, ಲೋಬಾನ ದೊಡ್ದಾ?”

ಚೆಂಬು ಬಿಟ್ಟು ಸಣ್ಣ ಲೋಟ ಹಿಡಿದರು. ಎಡಗೈಯನ್ನು ಮಗುವಿನ ಗಲ್ಲದ ಕೆಳಗೆ ಅಡ್ಡ ಇಟ್ಟು, ಎದೆಯಿಂದ ಕೆಳಕ್ಕೆ ಎರೆಯುತ್ತ, ಊರ ಸುದ್ದಿಯೆಲ್ಲ ಅವನಿಗೇ ಹೇಳುತ್ತಿದ್ದರು. ಅವನು ಬೊಚ್ಚುಬಾಯಿ ಬಿಟ್ಟು ಸದ್ದಿಲ್ಲದೆ ನಗುತ್ತಿದ್ದ. ನಾನು ಎತ್ತಿಕೊಂಡರೆ ಕಟ್ಟಿಗೆಯ ಹಾಗೆ ಸೆಟೆಯುತ್ತಿದ್ದ. ನನ್ನ ಕೈಯೆಂದರೆ ಅವನಿಗೆ ಕಫ ಎಳೆಯುವ ಕೈ. ಹೆತ್ತವಳು ನಾನು, ಮಷೀನಿನ ಪಕ್ಕ ನಿದ್ದೆಗೆಟ್ಟವಳು ನಾನು, ನಗು ಮಾತ್ರ ಅವರಿಗೆ! ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಬೇಕೆಂದೇ ಅವರ ಚಹಕ್ಕೆ ಸಕ್ಕರೆ ಕಮ್ಮಿ ಹಾಕಿದೆ. ಕುಡಿದು, ಚಲೋ ಆಗೈತವ್ವ ಎಂದರು. ಅದಕ್ಕೂ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಒಂದು ಬೆಳಿಗ್ಗೆ ಅವರು ಬರುವ ಮೊದಲು ನಾನೇ ಬಚ್ಚಲಲ್ಲಿ ಕಾಲು ಚಾಚಿ ಕೂತೆ. ನನಗೂ ಒಮ್ಮೆ ನಗಲಿ ಎಂಬ ಆಸೆ. ಎರಡನೇ ಲೋಟಕ್ಕೆ ಮಗ ಕೈ ಬಡಿದ, ನೀರು ನಳಿಕೆಗೆ ಹೋಯಿತು. ತುಟಿ ನೀಲಿಯಾಯಿತು. ನಾನು ಅವನನ್ನು ಅವುಚಿಕೊಂಡು ಅಳತೊಡಗಿದೆ. ಅಷ್ಟರಲ್ಲಿ ಅಜ್ಜಿ ಬಂದರು. ಮಗುವನ್ನು ಕಸಿದು ಮಗ್ಗುಲಾಗಿಸಿ ಹಿಡಿದು, “ಅಳಬ್ಯಾಡ, ಕಫದ ಮಷೀನು ಹಚ್ಚು, ನಿಂಗೆ ಬರ್ತೈತಿ” ಎಂದರು. ನಳಿಕೆಯೊಳಗಿನ ನೀರು ಎಳೆದೆ. ಬಣ್ಣ ತಿರುಗಿತು.

ಅತ್ತೆ ಓಡಿ ಬಂದಾಗ ಒದ್ದೆ ಕೂಸು ಅಜ್ಜಿಯ ಮಡಿಲಲ್ಲಿತ್ತು. ಏನಾಯಿತೆಂದು ಕೇಳಿದರು.

“ನನ್ನ ಕೈ ತಪ್ತು ಅಮ್ಮಾರೆ,” ಎಂದರು ಅಜ್ಜಿ.

ನಾನು ಬಾಯಿ ಬಿಡಲಿಲ್ಲ. ಅತ್ತೆ ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದರು. ಸುದ್ದಿ ಹಬ್ಬಿ ಪಕ್ಕದ ಬೀದಿಯವರೂ ಬೇಡವೆಂದರು. ನನಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಮೂರು ದಿನ ಒಳಗೊಳಗೇ ಖುಷಿಯಾಗಿತ್ತು. ನಾಲ್ಕನೆಯ ದಿನ ಮಗ ಬಚ್ಚಲ ಬಾಗಿಲನ್ನೇ ನೋಡುತ್ತ ಸದ್ದಿಲ್ಲದೆ ಅತ್ತ.

ನಳಿಕೆ ತೆಗೆದಾಗ ಅವನಿಗೆ ಎರಡೂವರೆ ವರ್ಷ. ದನಿ ಬಂದ ಮೇಲೆ ಹರಿಹರಕ್ಕೆ, ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಅವತ್ತು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

“ನಿನ್ನ ಹೆಸರು ಹೇಳಿದ್ರೆ ಕೂಸಿನ್ನ ಮತ್ತೆ ನಿನ್ನ ಕೈಗೆ ಕೊಡ್ತಿದ್ರೇನು? ನಂಗೇನವ್ವ, ಊರ ತುಂಬ ಕೂಸು ಅದಾವೆ. ನಿಂಗೆ ಇದೊಂದೇ.”

ಆ ಮಾತಿಗೆ ನಾನು ಅಳುತ್ತಿದ್ದರೆ, ‘ಅವ್ವ’ ಎನ್ನಲು ನನ್ನ ಹತ್ತಿರ ಹತ್ತು ಸಲ ಹೇಳಿಸಿಕೊಳ್ಳುವ ಮಗ, ಯಾರೂ ಹೇಳಿಕೊಡದೆ ‘ಅಜ್ಜಿ’ ಎಂದ. ಅಷ್ಟು ಅಳುವಿನಲ್ಲೂ ಹೊಟ್ಟೆ ಚುರ್ ಎಂದಿತು.

ಹೋದ ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು. ಸುದ್ದಿ ಕೇಳಿ ಅತ್ತೆ, ಪಾಪ, ಒಳ್ಳೆಯವರೇ, ಅವತ್ತೊಂದು ದಿನ ಕೈ ತಪ್ಪಿತು ಅಷ್ಟೇ ಎಂದರು. ಆಗಲೂ ಸುಮ್ಮನಿದ್ದೆ. ನಾನು ಏನೇ ಬರೆದರೂ ಅದನ್ನು ಕನ್ನಡಕ ಹಾಕಿಕೊಂಡು ಮೊದಲು ಓದುವವರು ಅತ್ತೆಯೇ. ಅತ್ತೇ, ತಪ್ಪಿದ್ದು ನನ್ನ ಕೈ.