ಕಪಿಲೆಯ ಹೆಸರು ಮುಗಿಯುವ ಜಾಗ

ಬೆಳಿಗ್ಗೆ ನಂಜನಗೂಡಿನಲ್ಲಿ ತಿ. ನರಸೀಪುರದ ಬಸ್ ಹತ್ತುವಾಗಲೇ ನನಗೆ ಸಿಟ್ಟು ನೆತ್ತಿಗೇರಿತ್ತು. ಅಲ್ಲಿಯ ಸಂಗಮದ ಬಗ್ಗೆ ಯಾರೋ ಪುಣ್ಯಾತ್ಮ ಮೊಬೈಲ್ ಮ್ಯಾಪಿನಲ್ಲಿ, "ಬರೀ ನೀರು, ನೋಡೋಕೇನಿಲ್ಲ" ಎಂದು ಬರೆದು ಒಂದೇ ಸ್ಟಾರ್ ಎಸೆದುಹೋಗಿದ್ದ. ಅದನ್ನೋದಿ ಮೈಸೂರಿನಲ್ಲಿರುವ ನಮ್ಮಕ್ಕನ ಮಗ ಮಂಜು, "ಮಂಡಿನೋವು ಇಟ್ಕೊಂಡು ಅಲ್ಲಿಗ್ಯಾಕಮ್ಮ?" ಎಂದು ಹೊರಟಿದ್ದ ಅಕ್ಕನನ್ನು ತಡೆದುಬಿಟ್ಟಿದ್ದ. ಚಿಕ್ಕಂದಿನಲ್ಲಿ ಕಪಿಲೆಯ ದಡದಲ್ಲಿ ಬಟ್ಟೆ ಒಗೆಯುತ್ತಾ, "ಈ ನೀರು ಎಲ್ಲಿಗೋಯ್ತದೆ?" ಎಂದು ದಿನಾ ಕೇಳುತ್ತಿದ್ದವಳು ಅಕ್ಕ. ಈಗ ಫೋನಿನಲ್ಲಿ, "ನೀನೇ ಹೋಗಿ ನೋಡಿ ಸರಿಯಾಗಿ ಬರಿಯೇ. ನಿನ್ ಮಾತಂದ್ರೆ ಅವ್ನು ಕೇಳ್ತಾನೆ" ಎಂದು ಗೋಗರೆದಳು.

ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಿಟಕಿ ಸೀಟೂ ಸಿಕ್ಕಿತು. ದಾರಿಯುದ್ದಕ್ಕೂ ಗದ್ದೆ, ಕಬ್ಬು, ಜಿನುಗು ಮಳೆ. ಏನೇನು ಬರೆಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ: ದೇವಸ್ಥಾನ, ನೆರಳು, ಮೆಟ್ಟಿಲು, ಊಟ. ನರಸೀಪುರದಲ್ಲಿಳಿದು ಇಡ್ಲಿ ತಿಂದು ಹೊಳೆಯ ಕಡೆ ನಡೆದೆ.

ಮೆಟ್ಟಿಲ ತುದಿಯಲ್ಲಿ ನಿಂತವಳಿಗೆ ಜೋಡಿಸಿಕೊಂಡದ್ದೆಲ್ಲ ಮರೆತೇಹೋಯಿತು. ಅಬ್ಬಾ! ಮೇಲುಸೀಮೆಯಲ್ಲಿ ಮಳೆಯಾಗಿ ನಮ್ಮ ಕಪಿಲೆ ಕೆಂಪಗೆ ಬರುತ್ತಿದ್ದಳು. ಆ ಕಡೆಯಿಂದ ಕಾವೇರಿ, ತಿಳಿ ಹಸಿರು. ಕೂಡಿದ ಮೇಲೂ ಎರಡು ಬಣ್ಣ ಪಕ್ಕಪಕ್ಕದಲ್ಲೇ ತುಂಬ ದೂರ ಹರಿದು, ಆಮೇಲೆಲ್ಲೋ ಒಂದಾಗುತ್ತಿದ್ದವು. ಅಲ್ಲಿಂದಾಚೆಗೆ ಕಪಿಲೆ ಎಂಬ ಹೆಸರೇ ಇಲ್ಲ. ಹುಟ್ಟಿದಾಗಿನಿಂದ ಕುಡಿದ ನೀರು ಇಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಕೈ ತಾನಾಗಿ ಮುಗಿಯಿತು.

"ಕೆಳಕ್ಕೆ ಇಳೀಬ್ಯಾಡಿ ಕಣವ್ವ, ಪಾಚಿ ಕಟ್ಕಂಡದೆ, ಜಾರ್ತದೆ!" ಹೂ ಮಾರುತ್ತಿದ್ದ ಹೆಂಗಸು ಕೂಗಿದಳು.

ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ಇದನ್ನು ಬರೆದರೆ ಮಂಜು ಅಕ್ಕನನ್ನು ಕರೆತಂದ ಹಾಗೇ! ಬರೆಯದೆ ಅವಳು ಜಾರಿಬಿದ್ದರೆ? ಅರಳಿಕಟ್ಟೆಯ ಮೇಲೆ ಕೂತು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹಾಕಿದೆ. ಮೆಟ್ಟಿಲು ಜಾರುತ್ತದೆ, ಮಂಡಿನೋವಿನವರು ಇಳಿಯಲೇಬಾರದು. ಆದರೆ ಕಟ್ಟೆಯಿಂದಲೇ ಎರಡೂ ಬಣ್ಣ ಕಾಣುತ್ತವೆ, ಕಂಡವರಿಗೆ ಮಾತು ಹೊರಡುವುದಿಲ್ಲ.

ವಾಪಸ್ ಬಸ್ಸಿನಲ್ಲಿ ಮಂಜುವಿನ ಫೋನ್ ಬಂತು. "ಚಿಕ್ಕಮ್ಮ, ಜಾರುತ್ತೆ ಅಂತ ನೀವೇ ಬರ್ದಿದೀರಲ್ಲ, ಅದಕ್ಕೇ ಮಿಕ್ಕಿದ್ದನ್ನೂ ನಂಬ್ದೆ. ಭಾನುವಾರ ಅಮ್ಮನ್ನ ಕರ್ಕೊಂಡ್ ಬರ್ತೀನಿ."

ಅಕ್ಕ ಅವನ ಕೈಯಿಂದ ಫೋನ್ ಕಿತ್ತುಕೊಂಡಳು. "ಲೇ, ಅಲ್ಲೀವರ್ಗೂ ಆ ಕೆಂಪು ಇರ್ತದೇನೇ?"

"ಇರ್ತದೆ ಕಣಕ್ಕ, ಮಳೆ ಇನ್ನೂ ಉಯ್ತಾನೇ ಅದೆ" ಎಂದೆ.