ಮೂರು ಕಾಲಿನ ಮಂಚದ ಅಪೀಲು

ಅರವತ್ತೆಂಟನೆಯ ವಯಸ್ಸಿಗೆ ನನ್ನ ತಮ್ಮನಿಗೆ ಒಂದು ತಿಂಗಳ ಜೈಲುಶಿಕ್ಷೆ ಆಯಿತು. ಮಂಚ ಕದ್ದದ್ದಕ್ಕೆ.

ಮುಳಗುಂದದ ನಮ್ಮ ಓಣಿಯಲ್ಲಿ ಹೋಳಿಯ ಕಾಮನನ್ನು ಸುಡಲು ಕಟ್ಟಿಗೆ ಕೊಂಡರೆ ಮರ್ಯಾದೆ ಹೋದಂತೆ, ಕದಿಯಬೇಕು. ಕಳಕೊಂಡವರು ಬಾಯಿತುಂಬ ಬೈದು ಮರುದಿನ ಬಣ್ಣ ಎರಚಿದರೆ ಮ್ಯಾಟರ್ ಕ್ಲೋಸ್. ಎದುರುಮನೆಗೆ ದೂರದ ಊರಿಂದ ಹೊಸದಾಗಿ ಬಂದವರಿಗೆ ಇದೇನು ಗೊತ್ತು ಪಾಪ. ಹಿತ್ತಲಲ್ಲಿ ಬಿದ್ದಿದ್ದ ಮೂರು ಕಾಲಿನ ಸಾಗವಾನಿ ಮಂಚ ಹೋಯಿತೆಂದು ಕಂಪ್ಲೇಂಟ್ ಕೊಟ್ಟರು. ಪೊಲೀಸರು ವಿಚಾರಿಸಲು ಬಂದರೆ ನನ್ನ ತಮ್ಮ ಮೀಸೆ ತಿರುವಿ, "ನಾನ ಕದ್ದೀನ್ರಿ ಸಾಹೇಬ್ರ, ಒಬ್ಬಾವನ. ಬರಕೋರ್ರಿ" ಎಂದುಬಿಟ್ಟ. ಬರೆದುಕೊಂಡರು. ಕೆಳಗಿನ ಕೋರ್ಟು ಅದನ್ನೇ ನಂಬಿತು.

ಅಪೀಲು ಹಾಕಲು ಹೋದರೆ ಗದಗಿನ ವಕೀಲರು ಫೈಲ್ ಓದಿ, ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. "ಪೊಲೀಸರ ಮುಂದ ತಪ್ಪು ಒಪ್ಪಿಕೊಂಡದ್ದು ಕೋರ್ಟಿನಾಗ ಪುರಾವೆ ಆಗಂಗಿಲ್ರಿ ಅಕ್ಕಾರ. ನಾಟ್ ಅಡ್ಮಿಸಿಬಲ್. ಅದನ್ನ ತಗದ್ರ ಕೇಸಿನಾಗ ಏನೂ ಉಳಿಯಂಗಿಲ್ಲ. ಆದ್ರ ಇವರು ಜಡ್ಜ್ ಸಾಹೇಬ್ರ ಮುಂದ ಬಾಯಿ ಬಿಟ್ರ ಮುಗೀತು."

"ಹಂಗಾರ ಸುಳ್ಳು ಹೇಳಲೇನು?" ತಮ್ಮ ಸಿಡುಕಿದ.

"ಏನೂ ಹೇಳಬ್ಯಾಡಲೇ. ಸುಮ್ಮ ಕುಂಡ್ರು," ಅಂದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಸತ್ಯ ಹೇಳುವುದನ್ನು ಕಲಿಸಿದ್ದರು. "ಫಿಂಗರ್ ಆನ್ ಯುವರ್ ಲಿಪ್ಸ್" ಅದಕ್ಕಿಂತ ಚೆನ್ನಾಗಿ ಕಲಿಸಿದ್ದರು.

ಹಿಯರಿಂಗ್ ದಿನ ಕೋರ್ಟ್ ಹಾಲಿನ ಬಾಗಿಲಲ್ಲೇ ಅವನ ಬಾಯಿಗೆ ನಾಲ್ಕು ಎಲೆ, ಒಂದು ಹಿಡಿ ಅಡಿಕೆ ತುರುಕಿದೆ. ಒಳಗೆ ಉಗುಳುವಂತಿಲ್ಲ, ಉಗುಳದೆ ಮಾತಾಡುವಂತಿಲ್ಲ. ಕೆನ್ನೆ ಉಬ್ಬಿಸಿಕೊಂಡು ಕೂತ.

"ಮಂಚ ಸಿಕ್ಕಿದೆಯೇನ್ರಿ?" ಜಡ್ಜರು ಕೇಳಿದರು.

"ಬೂದಿ ಸಿಕ್ಕಿದೆ ಸ್ವಾಮಿ," ಸರ್ಕಾರಿ ವಕೀಲರು ಅಂದರು.

"ಅದು ಇದೇ ಮಂಚದ ಬೂದಿ ಅಂತ ಯಾರು ಹೇಳಿದ್ರು?"

"ಆರೋಪಿನೇ ಹೇಳಿದ್ದು, ಪೊಲೀಸರಿಗೆ."

ತಮ್ಮ ಹೆಮ್ಮೆಯಿಂದ ತಲೆಯಾಡಿಸುತ್ತ ಏಳಹೊರಟ. ಧೋತರದ ಚುಂಗು ಹಿಡಿದು ಕೆಳಗೆ ಜಗ್ಗಿದೆ. ನಗು ತಡೆಯಲಾಗದೆ ನನ್ನ ಬಾಯಿಗೆ ನಾನೇ ಸೆರಗು ತುಂಬಿಕೊಂಡೆ. ಊಟದ ಹೊತ್ತಿಗೆ ಶಿಕ್ಷೆ ರದ್ದಾಗಿತ್ತು.

ಹೊರಗೆ ಬಂದು ಉಗುಳಿದವನೇ ಕೇಳಿದ: "ಅಕ್ಕಾ, ನೋಡಿದಿ? ಒಂದು ಸುಳ್ಳೂ ಹೇಳಲಿಲ್ಲ ನಾನು."

"ಪೊಲೀಸರ ಮುಂದ ಒಂದು ಹೇಳಿದ್ಯಲ್ಲೋ," ಅಂದೆ.

ಅಷ್ಟು ಭಾರದ ಸಾಗವಾನಿ ಮಂಚವನ್ನು ಈ ಮುದುಕ ಒಬ್ಬನೇ ಹೇಗೆ ಹೊತ್ತ ಎಂದು ಎರಡೂ ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ಹುಡುಗಿಯಾಗಿದ್ದಾಗ ನಾನು ಪ್ರತಿ ಹೋಳಿಗೂ ಯೂನಿಫಾರ್ಮಿನಲ್ಲಿ ಕಿಟಕಿಗೆ ಮೂಗು ಒತ್ತಿ ನೋಡಿದವಳು. ಡೀಸೆಂಟ್ ಗರ್ಲ್ಸ್ ಕದಿಯಲು ಹೋಗುತ್ತಿರಲಿಲ್ಲ. ಈ ಸಲ ಹೋಗಿದ್ದೆ. ಮಂಚದ ಕಾಲಿಲ್ಲದ ತುದಿ ನನ್ನ ಪಾಲಿಗೆ ಬಂದಿತ್ತು.